ಕುದುರಿ ಮಸಾಲ್ಯಾಗ ಚರಗ

ಚಿಕ್ಕಪಡಸಲಗಿ, ತಾ. ಜಮಖಂಡಿ
೨೨-೧೨-೨೦೨೫, ಸೋಮವಾರ

ಪ್ರೀತಿಯ ಅಪ್ಪಗ ಶಿವಪುತ್ರನ ಶರಣು.

ಮೊಣಕಾಲ ಬ್ಯಾನಿ ಹೆಂಗೈತಿ? ಅವ್ವ ಕೊಟ್ಟ ಎಣ್ಣಿ ಹಚ್ಚಾಕತ್ತಿಯೋ, ಇಲ್ಲಾ ಸೀಸೆ ಹಂಗ ಕಂಬಳ್ಯಾಗ ಸುತ್ತಿಟ್ಟಿಯೋ? ಬೈಲಹೊಂಗಲದ ಕಡೆ ಚಳಿ ಭಾಳ ಅಂತ. ಕುರಿ ಎಲ್ಲಾ ಛಲೋ ಅದಾವ? ಫೋನ್ ಹಚ್ಚಿದ್ರ ನಾ ಬಾಯಿ ತೆರಿಯೂದ್ರಾಗ "ಆತಾತು" ಅಂದ ಇಟ್ಟಬಿಡ್ತಿ, ಅದಕ್ಕ ಬರ್ಯಾಕತ್ತೇನಿ. ಮುತ್ತಣ್ಣ ಕಾಕಾ ರೊಟ್ಟಿ ಬುತ್ತಿ ತರ್ತಾನಲ್ಲ, ಅವನ ಓದಿ ಹೇಳ್ತಾನ. ಕಾಕಾ, ನಡುವ ನಿಂದೇನೂ ಸೇರಸಬ್ಯಾಡ.

ದಸರಾ ಮುಗಿಸಿ ಹೋಗುವಾಗ ನೀ ಎರಡ ಮಾತ ಹೇಳಿದ್ದಿ. "ಹಿಂಗಾರಿಗೆ ಬಿಳಿಜ್ವಾಳ ಬಿತ್ತು. ಸಂಕ್ರಾಂತಿ ಆಗೂತ್ಲೆ ಕುರಿ ಎಲ್ಲಾ ದಲಾಲಿಗೆ ಕೊಟ್ಟಬಿಡ್ತೀನಿ, ಇನ್ನ ಈ ಕಾಲಿಗೆ ಊರೂರು ತಿರಗಾಕ ಆಗೂದಿಲ್ಲ." ನಾ ಬಿಳಿಜ್ವಾಳ ಬಿತ್ತಿಲ್ಲ ಅಪ್ಪಾ. ಸಿಟ್ಟಾಗಬ್ಯಾಡ, ಪೂರ್ತಿ ಕೇಳು. ಮೆಕ್ಕಿ ಗೊಂಜಾಳದ ಮ್ಯಾಲ ಜ್ವಾಳ, ಜ್ವಾಳದ ಮ್ಯಾಲ ಗೊಂಜಾಳ ಹಾಕಿ ಹಾಕಿ ನೆಲ ಹೆಂಗಾಗಿತ್ತಂದ್ರ, ಗುದ್ಲಿ ಹಾಕಿದ್ರ ಠಣ್ ಅಂತಿತ್ತು. ಮುಂಗಾರ್ಯಾಗ ಮೇವಿನ ಗೊಂಜಾಳದ ಜೋಡಿ ಅಲಸಂದಿ ಬಿತ್ತಿ ಹಸೀದ ಇದ್ದಾಗನ ಕೊಯ್ದಾಗ ನೀ ನಕ್ಕಿದ್ದಿ, "ಕಾಳಿಲ್ಲದ ಗೊಂಜಾಳೇನಲೇ" ಅಂತ. ಈಗ ಅರ್ಧ ಹೊಲಕ್ಕ ಕುದುರಿ ಮಸಾಲಿ ಸೊಪ್ಪು, ಇನ್ನರ್ಧಕ್ಕ ಮೇವಿನ ಜ್ವಾಳ. ಆ ಜ್ವಾಳ ಮುಗದ್ರ ಮತ್ತ ಅಲಸಂದಿ. ಹಿಂಗ ಪಾಳಿ ಹಚ್ಚಿದ್ರ ವರ್ಷಿಡೀ ಹಸಿ ಮೇವು. ಮೊದಲನೇ ಕೊಯ್ಲು ಆತು. ಸ್ವಲ್ಪ ಎಮ್ಮಿಯವರಿಗೆ ಮಾರಿ ರೊಟ್ಟಿಗೆ ಜ್ವಾಳ ತಂದೇನಿ, ಉಳದದ್ದು ಒಣಗಿಸಿ ನಿನ್ನ ಕುರಿಗಂತ ಇಟ್ಟೇನಿ.

ನಿಮ್ಮವ್ವ, ಆಯಿ ಮಾತ್ರ ನನ್ನ ಜೋಡಿ ಮಾತ ಬಿಟ್ಟಿದ್ಳು. "ಸಂತ್ಯಾಗ ಜ್ವಾಳ ಕೊಳ್ಳೋ ಮನಿತನ ಆತೇನಲೇ ನಮ್ದು?" ಅಂತ ಓಣಿಗೆಲ್ಲಾ ಕೇಳೂವಂಗ ಒದರಿದ್ಳು. ಅದರ ಮ್ಯಾಲ ನಾ ಒಂದ ಎಡವಟ್ಟ ಮಾಡಿದೆ. ನೀ ಮನ್ಯಾಗ ಬಿಟ್ಟ ಹೋದ ಕುಂಟ ಕುರೀನ ನಸಿಕಿನ್ಯಾಗ, ಇಬ್ಬನಿ ಆರೂಕಿಂತ ಮೊದ್ಲ ಮಸಾಲ್ಯಾಗ ಬಿಟ್ಟೆ. ಹೊಟ್ಟಿ ಉಬ್ಬಿ ನಗಾರಿ ಆಗಿ ಬಿದ್ದಬಿಡ್ತು. ಆಯಿನ ಓಡಿ ಬಂದು ಬಾಯಾಗ ಅಡ್ಡ ಕೋಲ ಕೊಟ್ಟು, ಎಣ್ಣಿ ಹಾಕಿ, ಹೊಟ್ಟಿ ತಿಕ್ಕಿ ಉಳಿಸಿದ್ಳು. "ಬೀರಪ್ಪನ ಒಕ್ಕಲಾಗಿ ಕುರಿ ಮೇಯ್ಸಾಕ ಬರೂದಿಲ್ಲ, ನಿನ್ನ ಹತ್ತನೇತ್ತಾ ಸಾಲಿಗೆ ಬೆಂಕಿ ಹಚ್ಚಲಿ!" ಬೈದ್ಳು ಖರೆ, ಮಾತಂತೂ ಚಾಲೂ ಆತು.

ಮೊನ್ನೆ ಎಳ್ಳಮಾಸಿಗೆ ಭೂಮಿತಾಯಿಗೆ ಎಡಿ ತಗೊಂಡು ಹೊಲಕ್ಕ ಚರಗಾ ಚೆಲ್ಲಾಕ ಹ್ವಾದ್ವಿ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣಿಗಾಯಿ, ಎಲ್ಲಾ ಇತ್ತು. ಆಯಿ ಒಡ್ಡಿನ ಮ್ಯಾಲ ನಿಂತ ಬಿಟ್ಳು. "ತೆನಿ ಇಲ್ಲದ ಹೊಲಕ್ಕ ಯಾರ ಚರಗಾ ಚೆಲ್ತಾರೋ? ಭೂಮಿತಾಯಿಗೆ ಏನ ಹೇಳ್ಲಿ?" ಕಡೀಕ ಆಯಿ ಬಗ್ಗಿ ಒಂದ ಮಣ್ಣಿನ ಹೆಂಟಿ ಎತ್ತಿದ್ಳು. ಅದು ಅಕಿ ಕೈಯಾಗ ಹಂಗ ಪುಡಿ ಆತು, ಒಳಗ ಎರಿಹುಳ ಹೊಳ್ಳಿತು. ಅದನ್ನ ಮೆತ್ತಗ ಮಸಾಲಿ ಬುಡಕ್ಕ ಇಟ್ಟು, ಚರಗಾ ಚೆಲ್ಲಕೋತ ಹೊಂಟ್ಳು. ಮೂಲಿ ಮೂಲಿಗೂ ಚೆಲ್ಲಿದ್ಳು.

ಬನಹಟ್ಟಿ ಮಗ್ಗ, ಮಾಲಿಂಗಪುರದ ಗಾಣ, ಎಲ್ಲಾ ಬಿಟ್ಟ ಬಂದಾಂವ ನಾ. "ನಿನ್ನ ಕಾಲಾಗ ಭಿಂಗರಿ ಐತಿ, ಒಂದ ಕಡೆ ನಿಲ್ಲೂದಿಲ್ಲ" ಅಂತಿದ್ದಿ. ಈ ಹೊಲ ಬಿಟ್ಟ ಎಲ್ಲಿಗೂ ಹೋಗಬೇಕ ಅನಸವಲ್ದು ಈಗ.

ಆಯಿ ಆಶೀರ್ವಾದ ಕಳಿಸ್ಯಾಳ. ಅವ್ವ ಎಣ್ಣಿ ಹಚ್ಚು ಅಂತ ಎರಡ ಸಲ ಬರೀ ಅಂದಾಳ. ಬೀರಪ್ಪ ಕಾಯ್ಲಿ.

ನಿನ್ನ ಮಗ,
ಶಿವಪುತ್ರ

ತಾ.ಕ.: ಕಾಕಾ ಗಾಡಿ ಚಾಲೂ ಮಾಡ್ಯಾನ. ಬಾವಿ ಕಡೆ ಮೂಲ್ಯಾಗ ಏನೂ ಬಿತ್ತಿಲ್ಲ, ಗೂಟಾ ನೆಟ್ಟ ಸುತ್ತ ಬಲಿ ಕಟ್ಟಿ ಕುರಿ ಹಟ್ಟಿ ಮಾಡೇನಿ. ಇಷ್ಟ ವರ್ಷ ಮಂದಿ ಹೊಲದಾಗ ಕುರಿ ತರುಬಿ ಅವರ ಭೂಮಿಗೆ ಗೊಬ್ಬರ ಕೊಟ್ಟಿ, ನಮ್ಮ ಹೊಲದಾಗ ಒಂದ ರಾತ್ರಿನೂ ತರುಬಿಲ್ಲ. ಮಾರಬ್ಯಾಡ ಅಪ್ಪಾ, ಮನಿಗೆ ಹೊಡಕೊಂಡ ಬಾ. ನಡ್ಯಾಕ ಆಗಲಿಲ್ಲಂದ್ರ ನೀ ಕಾಕಾನ ಗಾಡಿ ಹತ್ತಿ ಬಾ. ಕುರಿ ನಾ ಬಂದ ಹೊಡಕೊಂಡ ಬರ್ತೀನಿ, ಹೆಂಗೂ ಕಾಲಾಗ ಭಿಂಗರಿ ಐತಲ್ಲ.