ಸೋಪಿನ ಡಬ್ಬಿಗೆ ಹೋದ ಅಚ್ಚು

ಫಿಜಿ, ಶುಕ್ರವಾರ

ಜಿಲಿಯನ್ ಮೇಡಂ ಅವರಿಗೆ ಉನೈಸಿಯ ಬುಲಾ, ನಮಸ್ಕಾರ.

ಚಿತ್ರ ಬಿಡಿಸುವ ಕೆಲಸಕ್ಕೆ ಸ್ಫೂರ್ತಿ ಬೇಕೆಂದು ಸಿಡ್ನಿಯಿಂದ ಬಂದು ನಮ್ಮ ಮನೆಯಲ್ಲಿ ಒಂಬತ್ತು ದಿನ ಇದ್ದಿರಿ. ನಾವು ಮರದ ತೊಗಟೆ ಜಜ್ಜಿ ಮಾಡಿದ ಬಟ್ಟೆಗೆ ಅಚ್ಚು ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದಿರಿ. ಈಗ ನೀವು ಕಳಿಸಿದ ಸೋಪಿನ ಡಬ್ಬಿ ತಲುಪಿದೆ. ಬಣ್ಣ ಚೆನ್ನಾಗಿ ಕೂತಿದೆ.

ಅದರ ಮೇಲಿರುವುದು ನಮ್ಮಮ್ಮನ ಅಚ್ಚು. ಕಾಯಿಲೆಯಲ್ಲಿದ್ದಾಗ ತನ್ನ ಎದೆಯ ಎಕ್ಸ್‌ರೇ ಹಾಳೆಯಲ್ಲೇ, ಬಣ್ಣ ಇಳಿಯುವಂತೆ ತೂತು ಬಿಟ್ಟು, ಅದನ್ನು ಕತ್ತರಿಸಿದಳು. ತಾನು ಸತ್ತಾಗ ಹೊದಿಸುವ ಬಟ್ಟೆಗೆ ಮಾತ್ರ ಇದು ಎಂದಿದ್ದಳು. ಅಷ್ಟಕ್ಕೇ ಬಳಸಿದೆವು. ಹೆಮ್ಮೆಯಿಂದ ನಿಮಗೆ ತೋರಿಸಿದ್ದು ನನ್ನ ತಪ್ಪು. ಫೋಟೊ ತೆಗೆಯಬೇಡಿ ಎಂದಾಗ ನೀವು ಆಗಲಿ ಎಂದು ತಲೆಯಾಡಿಸಿದ್ದಿರಿ.

ನಮ್ಮ ಅಚ್ಚಿನ ಕೆಲಸಕ್ಕೆಲ್ಲ ಹಿರಿಯರಾದ ತೊರಿಕಾ ಅತ್ತೆ ಡಬ್ಬಿ ನೋಡಿದರು. "ನಿಮ್ಮಮ್ಮನ್ನ ಎಷ್ಟಕ್ಕೆ ಮಾರಿದೆ ಕಣೇ?" ಎಂದರು.

"ನಾನು ಕೊಟ್ಟಿಲ್ಲ ಅತ್ತೆ."

"ಹೌದಾ? ಹಂಗಾದ್ರೆ ಅದೇ ಈಜ್ಕೊಂಡು ಸಿಡ್ನಿಗೆ ಹೋಯ್ತಾ?"

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು.

ಬರುವ ತಿಂಗಳು ತಂಗಿಯ ಮದುವೆ ಬಟ್ಟೆಗೆ ಅಚ್ಚು ಹಾಕಲು ಎಲ್ಲರೂ ನಮ್ಮ ಮನೆಯಲ್ಲೇ ಕೂರುತ್ತಾರೆ. ನಾನು ಮಾತ್ರ ಬಟ್ಟೆ ಮುಟ್ಟಬಾರದು ಎಂದು ಅತ್ತೆ ಹೇಳಿಬಿಟ್ಟಿದ್ದಾರೆ.

ಆದ್ದರಿಂದ ದಯವಿಟ್ಟು ಅತ್ತೆಗೆ ಒಂದು ಕಾಗದ ಬರೆಯಿರಿ. ಉನೈಸಿ ಕೊಡಲಿಲ್ಲ, ನಾನೇ ಅವಳಿಗೆ ಕಾಣದಂತೆ ತೆಗೆದುಕೊಂಡೆ ಎಂದರೆ ಸಾಕು. ಕ್ಷಮೆಯ ಮಾತು ಬೇಡ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಡಬ್ಬಿಯ ಮೇಲೆ, ಇದನ್ನು ರಚಿಸಿದವರು ಜಿಲಿಯನ್ ಎಂದು ಹಾಕಿಕೊಂಡಿದ್ದೀರಲ್ಲ, ಅಷ್ಟೇ ದಪ್ಪಕ್ಷರದಲ್ಲಿ.

ಇಂತಿ,
ಉನೈಸಿ