ಕೆಂಟ್‌ಗೆ ಹೋದ ಕೆಂಪು ಕಾರು

ಕಿಂಗ್ಸ್‌ಬರಿ, ಲಂಡನ್
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಪ್ರೀತಿಯ ತಂಗಿ ಅಂಬುಜಾಗೆ ಅಣ್ಣನ ಆಶೀರ್ವಾದಗಳು.

ನೀನೂ ನಿನ್ನ ಯಜಮಾನರೂ ಮೈಸೂರಿನಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಎಷ್ಟೋ ದಿನದಿಂದ ನಿನಗೆ ಸುದ್ದಿಯೇ ಇಲ್ಲ, ಬೇಜಾರು ಮಾಡಿಕೊಳ್ಳಬೇಡ. ಬಲಗಣ್ಣಿನ ಪೊರೆ ತೆಗೆದರು. ಈಗ ಎದುರು ಮನೆಯ ಇಟ್ಟಿಗೆಗಳು ಒಂದೊಂದೂ ಬೇರೆಯಾಗಿ ಕಾಣುತ್ತವೆ. ಫೋನಿನಲ್ಲಿ ಹೇಳಲಾಗದ್ದೊಂದಿದೆ, ಅದಕ್ಕೇ ಈ ಕಾಗದ.

ಕಾರಿನ ವಿಷಯ ಮೊದಲಿನಿಂದ ಹೇಳುತ್ತೇನೆ, ಕೇಳು. ನಿನ್ನ ಅತ್ತಿಗೆ ಚಂದ್ರಿಕಾ ತೀರಿಕೊಂಡ ಮಾರನೆಯ ವರ್ಷ, ಆಸ್ಟಿನ್ ನನ್ನನ್ನು ಸ್ಟ್ಯಾನ್ಮೋರ್‌ಗೆ ಕರೆದೊಯ್ದು ತನ್ನ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಎತ್ತಿದ. ಆಸ್ಟಿನ್ ಉಡುಪಿಯವನು, ಇಪ್ಪತ್ತೆರಡು ವರ್ಷ ಒಂದೇ ಆಫೀಸಿನಲ್ಲಿ ನನ್ನ ಪಕ್ಕ ಕೂತವನು. ಒಳಗೆ ಎಪ್ಪತ್ಮೂರನೆಯ ಇಸವಿಯ ಎಂ.ಜಿ., ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ತಳವೆಲ್ಲ ತುಕ್ಕು, ಸೀಟಿನೊಳಗೆ ಇಲಿ ಮರಿ ಹಾಕಿತ್ತು. "ಎಂತ ನೋಡ್ತೀಯಾ ಮಾರಾಯ? ನಾವಿಬ್ರು ಸೇರಿ ಇದನ್ನು ಓಡಿಸುವ," ಎಂದ. ಅರ್ಧರ್ಧ ಹಾಕಿ ಕೊಂಡೆವು. ನಿಲ್ಲುವುದು ಆಸ್ಟಿನ್ ಮನೆಯಲ್ಲಿ, ಹಾಗಾಗಿ ಕಾಗದಪತ್ರ ಅವನ ಹೆಸರಿಗೇ ಇರಲಿ ಎಂದವನು ನಾನೇ.

ನಾಲ್ಕು ವರ್ಷ, ಪ್ರತಿ ಶನಿವಾರ. ಪಿಂಚಣಿಯವರು ನಾವು, ಹೊಸ ಬಿಡಿಭಾಗ ಕೊಳ್ಳುವ ಹಾಗಿರಲಿಲ್ಲ. ಬಾಗಿಲು ಎಸೆಕ್ಸ್‌ನ ಗುಜರಿಯಿಂದ ಬಂತು. ಸೀಟಿನ ಚರ್ಮವನ್ನು ಚಂದ್ರಿಕಾಳ ಹೊಲಿಗೆ ಮಷಿನ್ನಿನಲ್ಲಿ ನಾನೇ ಹೊಲಿದೆ. ಮೂರು ಸೂಜಿ ಮುರಿದವು. ಮೂರನೆಯದು ಮುರಿದಾಗ ಅಳು ಬಂತು, ಆಸ್ಟಿನ್ ನೋಡಿಯೂ ನೋಡದವನಂತೆ ಟೀ ಮಾಡಲು ಹೋದ. ಅಂಥ ಸ್ನೇಹಿತ.

ಪೆಟ್ರೋಲಿನ ವಿಷಯಕ್ಕೆ ಮಾತ್ರ ಜಗಳವಾಯಿತು. ಇಲ್ಲೀಗ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲು ಎಥನಾಲ್ ಇರುತ್ತದೆ. ಅದು ಹಳೆಯ ಕಾರುಗಳ ರಬ್ಬರ್ ಪೈಪನ್ನು ಹಾಳುಮಾಡುತ್ತದೆ. ಪೈಪುಗಳನ್ನೆಲ್ಲ ಬದಲಾಯಿಸಬೇಕು, ಇಲ್ಲವೇ ಐದು ಪಾಲಿನ ದುಬಾರಿ ಸೂಪರ್ ಹಾಕಬೇಕು. ಆಸ್ಟಿನ್ ಪೈಪು ಬದಲಾಯಿಸೋಣ ಎಂದ. ವರ್ಷಕ್ಕೆ ನಾವು ಓಡಿಸುವುದೇ ನಾಲ್ಕು ಸಲ, ಸೂಪರೇ ಸಾಕು, ತುಂಬಿಸಿಕೊಂಡು ಬರುವುದು ನನ್ನ ಜವಾಬ್ದಾರಿ ಎಂದು ನಾನು ಹಟ ಹಿಡಿದೆ.

ಮೇ ತಿಂಗಳಲ್ಲಿ ಒಂದು ಸುತ್ತು ಹೋಗಿ ಬಂದು ನಿಲ್ಲಿಸಿದಾಗ, ಬಿಸಿ ಇಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಪೈಪು ಮುಟ್ಟಿದರೆ ನೆನೆದ ಬ್ರೆಡ್ಡಿನಂತೆ ಮೆತ್ತಗೆ. ಆಸ್ಟಿನ್ ಡ್ಯಾಶ್‌ಬೋರ್ಡಿನಿಂದ ರಸೀದಿಗಳನ್ನು ತೆಗೆದು ನೋಡಿದ. ಒಂದು ವರ್ಷದಿಂದ ನಾನು ಹಾಕಿಸಿದ್ದೆಲ್ಲ ಸಾಮಾನ್ಯ ಪೆಟ್ರೋಲು. ಪಂಪಿನ ಮೇಲಿನ ಅಕ್ಷರ ನನಗೆ ಕಂಡೇ ಇರಲಿಲ್ಲ, ಅಂಬುಜಾ. "ಸ್ಟಿಕ್ಕರ್ ಕೊಳೆಯಾಗಿತ್ತು ಕಣೋ," ಎಂದೆ. ಅವನು ನನ್ನ ಮುಖ ನೋಡಿದ, ರಸೀದಿಗಳನ್ನು ಮಡಚಿ ಒಳಗಿಟ್ಟ. ಆಗಸ್ಟ್‌ನಲ್ಲಿ ಕಣ್ಣಿನ ಆಪರೇಷನ್ ಎಂದು ಆಸ್ಪತ್ರೆಯ ಪತ್ರ ಅಷ್ಟರಲ್ಲಾಗಲೇ ಬಂದಿತ್ತು. ಅಲ್ಲಿಯವರೆಗೆ ಕಾರು ಮುಟ್ಟಬೇಡ ಎಂದು ಒಂದು ಮಾತು ಹೇಳಿದ್ದರೆ ಮುಟ್ಟುತ್ತಿರಲಿಲ್ಲ.

ಜೂನ್‌ನಲ್ಲಿ ಮೂರು ಶನಿವಾರ ಆಸ್ಟಿನ್‌ಗೆ ಬಿಡುವಿರಲಿಲ್ಲ. ಒಮ್ಮೆ ಜ್ವರ, ಒಮ್ಮೆ ಸೊಂಟ, ಒಮ್ಮೆ ನೆಂಟರು. ನಾಲ್ಕನೆಯ ವಾರ ಹೊಸ ಪೈಪು ಚೀಲದಲ್ಲಿಟ್ಟುಕೊಂಡು ಹೇಳದೆಯೇ ಹೋದೆ. ಗ್ಯಾರೇಜು ಗುಡಿಸಿಟ್ಟಿತ್ತು.

"ಕಾರೆಲ್ಲಿ?"

"ಕೆಂಟ್‌ನವರೊಬ್ಬರಿಗೆ ಕೊಟ್ಟೆ ಮಾರಾಯ. ತಿಂಗಳಾಗ್ತಾ ಬಂತು."

"ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬಿಡ್ತಿದ್ಯಾ? ನಿನ್ನ ಮಗಳು ಬಂದು ಇಲ್ಲೇ ಕೂತು ಅತ್ತಳು. ಬೆಂಕಿ ಹತ್ತಿದ್ರೆ ನಾನು ಅವಳಿಗೆ ಎಂತ ಹೇಳುದು?"

ಅಲ್ಲಿಂದ ನಮ್ಮ ಮನೆಗೆ ಟ್ಯೂಬ್ ರೈಲಿನಲ್ಲಿ ಮೂರೇ ಸ್ಟೇಷನ್. ಇಳಿಯುವುದು ಮರೆತು ವೆಂಬ್ಲಿ ಪಾರ್ಕ್‌ವರೆಗೂ ಹೋದೆ.

ಮಗಳು ಸಿರಿಶಾ ಸುಳ್ಳು ಹೇಳಲಿಲ್ಲ. "ಐ ವಾಸ್ ಸ್ಕೇರ್ಡ್, ಅಪ್ಪ. ನಿಮ್ಗೆ ಹೇಳಿದ್ರೆ ಕೇಳಲ್ಲ ಅಂತ ಎಲ್ರಿಗೂ ಗೊತ್ತು," ಎಂದಳು. ಎಲ್ಲರಿಗೂ ಅಂದರೆ ಯಾರಿಗೆ ಎಂದು ಕೇಳಿದೆ. ಪಾತ್ರೆ ತೊಳೆಯಲು ಎದ್ದು ಹೋದಳು. ಈಗ ದಿನಕ್ಕೆ ನಾಲ್ಕು ಸಲ ನನ್ನ ಕಣ್ಣಿಗೆ ಹನಿ ಹಾಕುತ್ತಾಳೆ. ನಾನು ಥ್ಯಾಂಕ್ಸ್ ಎನ್ನುತ್ತೇನೆ, ಹೊರಗಿನವರಿಗೆ ಹೇಳುವ ಹಾಗೆ. ಆಸ್ಟಿನ್ ದ್ರಾಕ್ಷಿ ತಂದುಕೊಟ್ಟು ಹೋದ. ಹವಾಮಾನದ ಬಗ್ಗೆ ಮಾತಾಡಿದೆವು.

ಗೌರಿ ಹಬ್ಬಕ್ಕೆ ಈ ಸಲ ನಿನಗೆ ಸೀರೆ ಕಳಿಸಲಾಗಲಿಲ್ಲ. ಈಸ್ಟ್ ಹ್ಯಾಮ್‌ನ ಅಂಗಡಿಯಲ್ಲಿ ಹಸಿರು ಅಂಚಿನದೊಂದು ತೆಗೆದಿಟ್ಟಿದ್ದೇನೆ, ಪಾರ್ಸಲ್ ಬರುತ್ತದೆ. ನಿನಗೂ ನಿನ್ನ ಮನೆಯವರೆಲ್ಲರಿಗೂ ಸದಾ ಒಳ್ಳೆಯದಾಗಲಿ.

ನಿನ್ನ
ವಿಶ್ವಣ್ಣ

ವಿ.ಸೂ.: ಹೋದ ವಾರ ಸಿರಿಶಾ ಬಾಯಿಬಿಟ್ಟಳು. ಮೊದಲು ನಿನಗೇ ಫೋನ್ ಮಾಡಿದ್ದಳಂತೆ. "ಅತ್ತೆನೇ ಹೇಳಿದ್ರು, ಅವನಿಗೆ ಹೇಳ್ಬೇಡ, ಮೊದ್ಲು ಮಾರಿಸ್ಬಿಡು ಅಂತ." ಮಾರಾಟವಾದ ದಿನವೂ ನಿನಗೆ ತಿಳಿಸಿದ್ದಳಂತೆ. ಆಮೇಲೆ ಮೂರು ಭಾನುವಾರ ನೀನು ಫೋನ್ ಮಾಡಿ, "ಕಾರು ಎಲ್ಲೀವರ್ಗೂ ಬಂತಣ್ಣ?" ಎಂದು ಕೇಳಿದೆ. ಯಾವ ಪೈಪು, ಎಲ್ಲಿ ಸಿಗುತ್ತದೆ, ಹೇಗೆ ಕೂರಿಸುತ್ತೇನೆ ಎಂದು ನಾನು ಅರ್ಧರ್ಧ ಗಂಟೆ ವಿವರಿಸಿದೆ. ನೀನು ಹೂಂಗುಟ್ಟಿದೆ. ಮಗಳು ಹೆದರಿದಳು, ಆಸ್ಟಿನ್ ಹೆದರಿದ, ಅದು ನನಗೆ ಅರ್ಥವಾಗುತ್ತದೆ. ಎಲ್ಲ ಗೊತ್ತಿದ್ದೂ ನೀನು ಯಾಕೆ ಕೇಳಿದೆ, ಅಂಬುಜಾ?