ಅಪ್ಪಣೆಗೆ ಕಾದ ಚಪ್ಪರ

ಉರಿಮಾಸದ ಒಂಬತ್ತನೆಯ ದಿನ, ೨೩೧೮
ಭೀಮಾ ಪಾತ್ರದ ಕೆಳಓಣಿ

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ಉರಿಮಾಸವೆಂದರೆ ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು. ನಿಮ್ಮ ಕ್ಯಾಲೆಂಡರಿನಲ್ಲಿ ಅದು ಸಿಗದು. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಮನ್ನಿಸಿ ಓದಬೇಕು.

ನೀರು ಬತ್ತಿದ ನದಿಯ ಪಾತ್ರವನ್ನು ಅಗೆದು ನಾವು ಮನೆ ಮಾಡಿಕೊಂಡಿದ್ದೇವೆ. ಓಣಿಯ ಮನೆಗಳಿಗೆಲ್ಲ ಒಂದೇ ಅಂಗಳ, ಅದರ ಮೇಲೆ ತಗಡಿನ ಚಪ್ಪರ. ನಸುಕಿನಲ್ಲಿ ಚಪ್ಪರ ತೆರೆದುಕೊಳ್ಳುತ್ತದೆ. ಆಗ ರೊಟ್ಟಿ ಬಡಿಯುತ್ತೇವೆ, ಹಾಸಿಗೆಗೆ ಗಾಳಿ ತೋರಿಸುತ್ತೇವೆ, ಮಕ್ಕಳು ಆಡುತ್ತಾರೆ. ಬಿಸಿಲು ಏರುವ ಮೊದಲು ಅದು ಮುಚ್ಚಿಕೊಳ್ಳಬೇಕು; ನಮ್ಮ ಕಾಲದ ಬಿಸಿಲು ಜೀವ ತೆಗೆಯುತ್ತದೆ. ಮುಚ್ಚು ಎಂಬ ಅಪ್ಪಣೆ ದೂರದ ಊರಿನ ಕಾವಲುಮನೆಯಿಂದ ಮಾತುಹಾದಿಯಲ್ಲಿ ಬರುತ್ತದೆ. ಮಾತುಹಾದಿಯೆಂದರೆ ಗಾಳಿಯಲ್ಲಿರುವ, ಎಲ್ಲರಿಗೂ ಸೇರಿದ ಒಂದೇ ದಾರಿ. ನಮ್ಮ ಹರಟೆ, ಹಾಡು, ಜಗಳ, ಚಪ್ಪರದ ಅಪ್ಪಣೆ, ಮನೆಬಾಗಿಲುಗಳ ಅಪ್ಪಣೆ ಎಲ್ಲವೂ ಅದರಲ್ಲೇ ಸಾಲಾಗಿ ಹೋಗುತ್ತವೆ. ಹೊಸ ಅಪ್ಪಣೆ ಬರುವ ತನಕ ಹಳೆಯದನ್ನೇ ಪಾಲಿಸಬೇಕೆಂದು ಚಪ್ಪರಕ್ಕೆ ಕಲಿಸಿದ್ದಾರೆ. ಕಲಿಸಿದವರು ನಿಮ್ಮ ಕಾಲದವರೇ ಎಂದು ಹೇಳುತ್ತಾರೆ.

ನಮ್ಮಲ್ಲಿ ಮಕ್ಕಳು ಹುಟ್ಟುವುದು ಅಪರೂಪ. ಆದ್ದರಿಂದ ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಹಾದಿಗೆ ಸೇರಿದ ಊರುಗಳೆಲ್ಲ ಆ ಹೆಸರನ್ನು ಕೂಗಿ ಕಳಿಸುವುದು ಪದ್ಧತಿ. ಹೋದ ವರ್ಷ ನನ್ನ ಮಗಳಿಗೆ ಹೆಸರಿಟ್ಟೆವು. ಒಳಗಿನ ತಂಪು ಹೋಗದಂತೆ ಮನೆಬಾಗಿಲುಗಳು ಮುಚ್ಚಿದ್ದವು. ಓಣಿಯೆಲ್ಲ ಅಂಗಳದಲ್ಲಿತ್ತು. ನನ್ನ ನಾದಿನಿ ಗುರುಬಾಯಿ ಬಗ್ಗಿ ‘ಕಾಶಮ್ಮ’ ಎಂದಳು. ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿದರು.

“ಅಯ್ಯ, ಮೆಲ್ಲಕ ಗುದ್ರವ್ವಾ, ನಂದಿನ್ನಾ ಮದಿವಿ ಆಗ್ಬೇಕು!” ಎಂದು ಎಲ್ಲರನ್ನೂ ನಗಿಸಿದಳು. ಅಷ್ಟರಲ್ಲಿ ಕಾಶಮ್ಮಾ, ಕಾಶಮ್ಮಾ ಎಂದು ಕಾಣದ ಊರುಗಳ ದನಿ ಬರತೊಡಗಿತು. ಸಂತೋಷಕ್ಕೆ ನನಗೆ ಅಳು ಬಂತು.

ಬಿಸಿಲು ಏರಿತು. ಚಪ್ಪರ ಮುಚ್ಚಲಿಲ್ಲ, ಬಾಗಿಲು ತೆರೆಯಲಿಲ್ಲ. ಅಪ್ಪಣೆಗಳು ನನ್ನ ಮಗಳ ಹೆಸರಿನ ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡಿದ್ದವು. ಗಂಡಸರು ಕಬ್ಬಿಣದ ಬಾಗಿಲಿಗೆ ಭುಜ ಕೊಟ್ಟು ಸೋತರು. ಜನ ಗೋಡೆಯಂಚಿನ ನೆರಳಿಗೆ ಒತ್ತಿಕೊಂಡರು. ನಮಗೆ ಅಲ್ಲಿ ಜಾಗ ಸಾಲಲಿಲ್ಲ. ಗುರುಬಾಯಿ ಹಾಸಿದ್ದ ಜಮಖಾನೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೂ ಕೂಸಿಗೂ ಮರೆ ಮಾಡಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು.

“ನೀನೂ ಒಳಗ ಬಾ ಗುರು” ಎಂದೆ.

“ಸುಮ್ನ ಕೂಡು ವೈನಿ. ಚಪ್ಪರಕ್ಕೂ ನಿನ್ ಮಗಳ ಹೆಸರು ಭಾಳ ಸೇರ್ಯಾದ, ಕೇಳ್ಕೋತ ಕುಂತದ. ಈಗ ಮುಚ್ತದ ನೋಡು.”

ಅದು ಮುಚ್ಚಿದಾಗಲೂ ಅವಳ ಕೈ ಮೇಲೆಯೇ ಇತ್ತು. ನೆರಳು ಬಿದ್ದ ಮೇಲೆ ಕುಸಿದಳು. ಸಂಜೆಯವರೆಗೆ ಉಳಿಯಲಿಲ್ಲ.

ಅನಂತರ ಹಿರಿಯರು ಸೇರಿ ಹೆಸರು ಕೂಗುವ ಪದ್ಧತಿಯನ್ನೇ ನಿಲ್ಲಿಸಿದರು. ಈಚೆಗೆ ಪಕ್ಕದ ಓಣಿಯಲ್ಲಿ ಗಂಡುಕೂಸು ಹುಟ್ಟಿತು. ಅದಕ್ಕೆ ಏನು ಹೆಸರಿಟ್ಟರೋ ನಮಗೆ ಗೊತ್ತಾಗಲಿಲ್ಲ. ಚಪ್ಪರಕ್ಕೆ ಮಾತ್ರ ಹೊಸದೇನನ್ನೂ ಕಲಿಸಿಲ್ಲ. ಕಲಿಸಬಲ್ಲವರು ನಮ್ಮಲ್ಲಿ ಉಳಿದಿಲ್ಲ.

ನಿಮ್ಮಲ್ಲಿ ಇದ್ದಾರೆ. ಅವರಿಗೆ ಹೇಳಿ: ಇಂಥ ಅಪ್ಪಣೆಗೆಂದೇ ಸಣ್ಣದೊಂದು ಹಾದಿ ಬೇರೆ ಇರಲಿ, ದಿನವೆಲ್ಲ ಖಾಲಿ ಬಿದ್ದಿದ್ದರೂ ಇರಲಿ. ಏನೂ ಕೇಳಿಸದೇ ಹೋದರೆ ಚಪ್ಪರ ತಾನಾಗಿ ಮುಚ್ಚಲಿ, ಬಾಗಿಲು ತಾನಾಗಿ ತೆರೆಯಲಿ. ನಾವು ಒಂದು ಕೂಸಿನ ಹೆಸರನ್ನು ಮನಸಾರೆ ಕೂಗಿದರೂ ಯಾರೂ ಸಾಯದಂತೆ ಕಟ್ಟಿ.

ಇಂತಿ,
ಕಾಶಮ್ಮನ ತಾಯಿ ರೇವಮ್ಮ